ಅರವತ್ತು ಅಂಗಿಗಳ ಆರ್ಡರು: ಗಡಿ ಊರಿನ ಸಣ್ಣ ವ್ಯಾಪಾರಿಯ ಲೆಕ್ಕ

ಕೊಡಗಿನ ವ್ಯಾಪಾರವೆಂದರೆ ಕಾಫಿ, ಕರಿಮೆಣಸು, ಏಲಕ್ಕಿ, ಕಿತ್ತಳೆ ಎಂದು ಹೊರಗಿನವರು ಭಾವಿಸುವುದು ಸಹಜ. ನಮ್ಮ ಸಂಸ್ಥೆಯ ಸಭೆಗಳಲ್ಲಿಯೂ ಚರ್ಚೆಯ ಬಹುಪಾಲು ಈ ಸರಕುಗಳ ಧಾರಣೆಯನ್ನೇ ಸುತ್ತುವುದುಂಟು. ಆದರೆ ಪೇಟೆಬೀದಿಯ ಹಿಂದಿನ ಸಣ್ಣ ಕೋಣೆಗಳಲ್ಲಿ ಸ್ಕ್ರೀನ್ ಪ್ರಿಂಟಿಂಗ್ ಮಾಡುವವರು, ಹೊಲಿಗೆಯ ಯಂತ್ರ ಎರಡೋ ಮೂರೋ ಇಟ್ಟುಕೊಂಡವರು, ಸಿದ್ಧ ಉಡುಪುಗಳ ಚಿಕ್ಕ ಅಂಗಡಿಯವರು ವರ್ಷವಿಡೀ ನೆಚ್ಚಿಕೊಂಡಿರುವ ಒಂದು ವ್ಯವಹಾರದ ಕುರಿತು ಈ ಪುಟಗಳಲ್ಲಿ ಯಾರೂ ಬರೆದಂತೆ ನನ್ನ ನೆನಪಿಗಿಲ್ಲ. ಚರ್ಚ್‌ಗಳ ಹಬ್ಬಗಳಿಗೆ, ಯುವಜನರ ಸಮಾವೇಶಗಳಿಗೆ, ಬೇಸಿಗೆ ರಜೆಯ ಬೈಬಲ್ ಶಿಬಿರಗಳಿಗೆ, ಗಾಯನ ಮಂಡಳಿಗಳಿಗೆ ಹೆಸರು ಮತ್ತು ಲಾಂಛನ ಮುದ್ರಿಸಿ ಕೊಡುವ ಟೀ ಶರ್ಟ್‌ಗಳ ವ್ಯವಹಾರವದು. ವಿಷಯ ಕ್ಷುಲ್ಲಕವೆಂದು ಕೆಲವರು ನಗಬಹುದು. ಇಪ್ಪತ್ತೈದು ಅಂಗಿಗಳ ಒಂದು ಆರ್ಡರಿನಲ್ಲಿ ನಮ್ಮ ಸಣ್ಣ ವ್ಯಾಪಾರಿಯ ಬಹುತೇಕ ಎಲ್ಲ ರೋಗಲಕ್ಷಣಗಳೂ ಕಾಣಸಿಗುತ್ತವೆ ಎಂಬ ಕಾರಣಕ್ಕಾಗಿಯೇ ಇದನ್ನು ಆರಿಸಿಕೊಂಡಿದ್ದೇನೆ.

ಕೊಡಗಿನಲ್ಲಿ ಕ್ರೈಸ್ತ ಸಮುದಾಯದ ನೆಲೆ ಇಂದು ನಿನ್ನೆಯದಲ್ಲ. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚ್ 1792ರಷ್ಟು ಹಳೆಯದು, ದೊಡ್ಡವೀರರಾಜೇಂದ್ರನ ಕಾಲದ್ದು. ಲ್ಯಾಟಿನ್ ವಿಧಿಯ ಕ್ಯಾಥೋಲಿಕ್ ಧರ್ಮಕೇಂದ್ರಗಳು ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರಿದರೆ, ಸೀರೋ ಮಲಬಾರ್ ವಿಧಿಯವು 1999ರಲ್ಲಿ ಸ್ಥಾಪನೆಯಾದ ಬೆಳ್ತಂಗಡಿ ಧರ್ಮಪ್ರಾಂತ್ಯದ ವ್ಯಾಪ್ತಿಗೆ ಬರುತ್ತವೆ. ಒಂದೇ ಜಿಲ್ಲೆ, ಎರಡು ಆಡಳಿತ. ಆದುದರಿಂದ ಸಮಾವೇಶಗಳೂ ಎರಡು ಕಡೆ, ಅಂಗಿಗಳ ಆರ್ಡರುಗಳೂ ಎರಡು ದಿಕ್ಕಿಗೆ. ಇನ್ನು ನಮ್ಮ ಮಡಿಕೇರಿ ತಾಲ್ಲೂಕಿನ ಕರಿಕೆಯನ್ನು ನೋಡಿದರೆ ಚಿತ್ರ ಮತ್ತಷ್ಟು ಸೋಜಿಗದ್ದು. ಭಾಗಮಂಡಲದಿಂದ ಘಟ್ಟ ಇಳಿದು ಕರಿಕೆಯನ್ನು ದಾಟಿದರೆ ಪಾಣತ್ತೂರು, ಅಂದರೆ ಕೇರಳದ ಕಾಸರಗೋಡು ಜಿಲ್ಲೆ. ಅಲ್ಲಿಂದ ಮುಂದಿನ ರಾಜಪುರಂ 1943ರಲ್ಲಿ ಕೋಟ್ಟಯಂ ಕಡೆಯಿಂದ ವಲಸೆ ಬಂದ ಕ್ರೈಸ್ತ ಕುಟುಂಬಗಳು ಕಾಡು ಕಡಿದು ನೆಲೆನಿಂತ ಊರು. ಕರಿಕೆಯವರಿಗೆ ಅರೆಭಾಷೆಯೂ ಬರುತ್ತದೆ, ಮಲಯಾಳವೂ ಬರುತ್ತದೆ, ಕನ್ನಡವೂ ಬರುತ್ತದೆ. ರಬ್ಬರ್ ಶೀಟು ಮಾರುವುದಕ್ಕಾಗಲಿ, ರೈಲು ಹಿಡಿಯುವುದಕ್ಕಾಗಲಿ ಕಾಞಂಗಾಡೇ ಅವರಿಗೆ ಹತ್ತಿರ. ಮದುವೆ, ನೆಂಟಸ್ತಿಕೆ, ಹಬ್ಬ ಎಲ್ಲವೂ ಗಡಿಯ ಎರಡೂ ಬದಿಗೆ ಹರಡಿಕೊಂಡಿವೆ. ಗಡಿ ಎಂಬುದು ಅವರಿಗೆ ಅನುಭವಕ್ಕೆ ಬರುವುದು ಎರಡೇ ಸಂದರ್ಭದಲ್ಲಿ: 2020ರ ಮಾರ್ಚ್‌ನಲ್ಲಿ ಗಡಿ ರಸ್ತೆಗಳನ್ನು ಮುಚ್ಚಿದಂತಹ ದಿನಗಳಲ್ಲಿ, ಮತ್ತು ಬಿಲ್ಲು ಬರೆಯುವಾಗ. ಎರಡನೆಯದರ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಇಲ್ಲಿ ಹೇಳುವುದೆಲ್ಲ ಚರ್ಚ್‌ಗೆ ಮಾತ್ರ ಸೀಮಿತವೆಂದು ಯಾರೂ ತಿಳಿಯಬಾರದು. 1997ರಲ್ಲಿ ಕರಡ ಗ್ರಾಮದಲ್ಲಿ 60 ಕುಟುಂಬ ತಂಡಗಳೊಂದಿಗೆ ಆರಂಭವಾದ ಕೊಡವ ಕೌಟುಂಬಿಕ ಹಾಕಿ ಹಬ್ಬದಲ್ಲಿ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳು ಪಾಲ್ಗೊಂಡವು. ಪ್ರತಿ ತಂಡಕ್ಕೂ ಮನೆತನದ ಹೆಸರಿನ ಜರ್ಸಿ ಬೇಕು. ದೇವಸ್ಥಾನದ ವಾರ್ಷಿಕೋತ್ಸವದ ಸ್ವಯಂಸೇವಕರಿಗೂ ಮಸೀದಿಯ ಉರೂಸಿನ ಯುವಕರಿಗೂ ಹಾಗೆಯೇ. ಚರ್ಚ್ ಆರ್ಡರುಗಳ ವೈಶಿಷ್ಟ್ಯವೆಂದರೆ ಅವು ವರ್ಷಕ್ಕೊಮ್ಮೆ ಬಂದು ಹೋಗುವುದಿಲ್ಲ. ಏಪ್ರಿಲ್‌ನ ಮಕ್ಕಳ ಶಿಬಿರ, ಜುಲೈನ ಪಾಲಕ ಸಂತರ ಹಬ್ಬ, ಸೆಪ್ಟೆಂಬರ್ 8ರ ಮಾತೆ ಮರಿಯಮ್ಮನವರ ಹಬ್ಬ, ಡಿಸೆಂಬರಿನ ಕ್ಯಾರಲ್ ತಂಡ ಎಂದು ಹಂಚಿಕೊಂಡು ಬರುತ್ತವೆ. ಕಾಫಿ ಕೊಯ್ಲಿನ ಹಣವನ್ನೇ ಕಾಯುವ ನಮ್ಮ ಪೇಟೆಯಲ್ಲಿ ಇಂತಹ ಹಂಚಿಕೆಯ ಬೇಡಿಕೆ ದೊರೆಯುವುದು ಅಪರೂಪ.

ಹೀಗಿದ್ದೂ ಈ ಆರ್ಡರುಗಳಲ್ಲಿ ಗಣನೀಯ ಭಾಗ ಘಟ್ಟ ಇಳಿದು ಹೋಗುತ್ತಿರುವುದನ್ನು, ಕೆಲವು ಧಾರ್ಮಿಕ ಸಂಸ್ಥೆಗಳ ಲೆಕ್ಕಪತ್ರಗಳನ್ನು ಪರಿಶೋಧಿಸುವ ನಾನು ವೋಚರುಗಳಲ್ಲಿಯೇ ನೋಡುತ್ತಿದ್ದೇನೆ. ಒಂದು ತಿರುಪ್ಪೂರಿನ ಬಿಲ್ಲು, ಇನ್ನೊಂದು ಬೆಂಗಳೂರಿನ ಆನ್‌ಲೈನ್ ಕಂಪನಿಯ ಬಿಲ್ಲು. ಬೆಲೆಯೊಂದೇ ಕಾರಣವೇ ಎಂದು ಒಬ್ಬ ಖಜಾಂಚಿಯವರನ್ನು ಕೇಳಿದೆ. "ಬೆಲೆಯಲ್ಲಿ ಅಂತಹ ವ್ಯತ್ಯಾಸವೇನಿಲ್ಲ ಸಾರ್. ಅವರು ದರಪಟ್ಟಿಯನ್ನು ಬರೆದು ಕಳುಹಿಸುತ್ತಾರೆ, ತಾರೀಕು ಹೇಳುತ್ತಾರೆ. ನಮ್ಮ ಪೇಟೆಯವರು 'ನೋಡುವಾ, ನಮ್ಮವರೇ ಅಲ್ಲವೇ' ಎನ್ನುತ್ತಾರೆ" ಎಂದರು. ನಮ್ಮವರು ಎಂಬ ಮಾತು ಬಾಯಲ್ಲಿ ಎಷ್ಟು ಸಿಹಿಯೋ ಲೆಕ್ಕದ ಪುಸ್ತಕದಲ್ಲಿ ಅಷ್ಟೇ ಅಪಾಯಕಾರಿ.

ಮೊದಲು ವೆಚ್ಚದ ಲೆಕ್ಕ. ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಸ್ಕ್ರೀನ್ ಸಿದ್ಧಪಡಿಸಬೇಕು. ಫಿಲ್ಮು, ಕೋಟಿಂಗು, ಬೆಳಕಿಗೆ ಒಡ್ಡಿ ತೊಳೆಯುವ ಕೆಲಸ, ಇವೆಲ್ಲ ಹತ್ತು ಅಂಗಿಗಾದರೂ ಇನ್ನೂರು ಅಂಗಿಗಾದರೂ ಅಷ್ಟೇ. ಇದೇ ಸ್ಥಿರ ವೆಚ್ಚ. ಅಂಗಿಯ ಬೆಲೆ, ಶಾಯಿ, ಪ್ರತಿ ಸಲ ಸ್ಕ್ವೀಜಿ ಎಳೆಯುವ ಕೂಲಿ ಮಾತ್ರ ಸಂಖ್ಯೆಗೆ ತಕ್ಕಂತೆ ಏರುವಂತಹವು. ಉದಾಹರಣೆಗಾಗಿ ಮಾತ್ರ ಕೆಲವು ಅಂಕಿಗಳನ್ನು ಇಟ್ಟುಕೊಳ್ಳೋಣ. ಖಾಲಿ ಅಂಗಿಗೆ 150 ರೂಪಾಯಿ, ಒಂದು ಸ್ಕ್ರೀನಿಗೆ 350 ರೂಪಾಯಿ, ಒಂದು ಬಣ್ಣದ ಒಂದು ಮುದ್ರಣಕ್ಕೆ 8 ರೂಪಾಯಿ. ಎದೆಯ ಮೇಲೆ ಮೂರು ಬಣ್ಣ, ಬೆನ್ನಿಗೆ ಒಂದು ಬಣ್ಣವಾದರೆ ನಾಲ್ಕು ಸ್ಕ್ರೀನು, 1,400 ರೂಪಾಯಿ. ನೂರು ಅಂಗಿಗಳಿಗೆ ಹಂಚಿದರೆ ತಲಾ 14, ಮುದ್ರಣ 32, ಒಟ್ಟು ಅಂಗಿಗೆ 196 ರೂಪಾಯಿ ಅಸಲು. ಇಪ್ಪತ್ತೈದೇ ಅಂಗಿಗಳಾದರೆ ಸ್ಕ್ರೀನಿನ ಪಾಲು 56ಕ್ಕೆ ಏರಿ ಅಸಲು 238 ಆಗುತ್ತದೆ. ಈಗ ಸಾಮಾನ್ಯವಾಗಿ ನಡೆಯುವುದೇನೆಂದರೆ ಇಪ್ಪತ್ತೈದನ್ನು ಕೊಟ್ಟ ವಾರದಲ್ಲಿ ಸಮಿತಿಯವರು ಮತ್ತೆ ಬಂದು, ಹನ್ನೆರಡು ಮಂದಿ ಬಿಟ್ಟುಹೋಗಿದ್ದಾರೆ, ಅದೇ ದರದಲ್ಲಿ ಮಾಡಿಕೊಡಿ ಎನ್ನುತ್ತಾರೆ. ಅಷ್ಟರಲ್ಲಿ ಸ್ಕ್ರೀನುಗಳನ್ನು ತೊಳೆದು ಬೇರೆ ಕೆಲಸಕ್ಕೆ ಹಚ್ಚಿಯಾಗಿರುತ್ತದೆ. ಹೊಸದಾಗಿ ಮಾಡಿದರೆ ಆ ಹನ್ನೆರಡರ ಅಸಲು ತಲಾ ಸುಮಾರು 299. ಹಳೆಯ ಅಸಲಿನ ದರಕ್ಕೇ ಒಪ್ಪಿದರೆ ಏಳುನೂರಕ್ಕೂ ಹೆಚ್ಚು ರೂಪಾಯಿ ಕೈಯಿಂದ ಹೋಗುತ್ತದೆ. ಹೋದದ್ದು ಎಂದು ಅವನಿಗೆ ಗೊತ್ತಾಗುವುದೂ ಇಲ್ಲ, ಏಕೆಂದರೆ ಆರ್ಡರುವಾರು ಲೆಕ್ಕವನ್ನು ಇಟ್ಟಿರುವುದಿಲ್ಲ.

ಗ್ರಾಹಕರ ಹಣ ಉಳಿಸುವ ದಾರಿಯೂ ಇದೇ ಲೆಕ್ಕದೊಳಗಿದೆ. ಮೇಲಿನ ವಿನ್ಯಾಸವನ್ನೇ ಎದೆಗೆ ಒಂದು ಬಣ್ಣ, ಬೆನ್ನಿಗೆ ಒಂದು ಬಣ್ಣವೆಂದು ಇಳಿಸಿದರೆ ನೂರು ಅಂಗಿಗಳಿಗೆ ಅಸಲು ತಲಾ 173ಕ್ಕೆ ಬರುತ್ತದೆ. 2,300 ರೂಪಾಯಿ ಉಳಿಯಿತು. ಬಡ ಧರ್ಮಕೇಂದ್ರದ ಯುವಕ ಸಂಘಕ್ಕೆ ಅದು ಒಂದು ಹೊತ್ತಿನ ಊಟದ ಖರ್ಚು. 2025 ಕ್ಯಾಥೋಲಿಕ್ ಧರ್ಮಸಭೆಯ ಜ್ಯುಬಿಲಿ ವರ್ಷವಾಗಿತ್ತು. ಅದರ ಲಾಂಛನದಲ್ಲಿ ಕೆಂಪು, ಕಿತ್ತಳೆ, ಹಸಿರು, ನೀಲಿ ಬಣ್ಣದ ನಾಲ್ಕು ಆಕೃತಿಗಳು, ಲಂಗರಿನಂತೆ ಕೊನೆಗೊಳ್ಳುವ ಒಂದು ಶಿಲುಬೆ. ಅದನ್ನು ಇದ್ದಂತೆಯೇ ಅಂಗಿಯ ಮೇಲೆ ತರಬೇಕೆಂದರೆ ಐದು ಸ್ಕ್ರೀನು. ನಲವತ್ತು ಅಂಗಿಗಳಿಗೆ ಐದು ಸ್ಕ್ರೀನಿನ ಹೊರೆ ಹೊರಿಸುವುದಕ್ಕಿಂತ ಡಿಟಿಎಫ್ ವಿಧಾನದಲ್ಲಿ, ಅಂದರೆ ಫಿಲ್ಮಿನ ಮೇಲೆ ಬಹುವರ್ಣದಲ್ಲಿ ಮುದ್ರಿಸಿ ಬಿಸಿ ಒತ್ತಿನಿಂದ ಅಂಟಿಸುವ ವಿಧಾನದಲ್ಲಿ, ಮಾಡುವುದು ಅಗ್ಗ. ಅಲ್ಲಿ ಬಣ್ಣಗಳ ಸಂಖ್ಯೆಗೆ ಬೆಲೆಯಿಲ್ಲ, ಮುದ್ರಣದ ವಿಸ್ತೀರ್ಣಕ್ಕೆ ಬೆಲೆ. ಸಂಖ್ಯೆ ಹೆಚ್ಚಾದಂತೆ ಸ್ಕ್ರೀನೇ ಮತ್ತೆ ಗೆಲ್ಲುತ್ತದೆ. ಯಾವ ಸಂಖ್ಯೆಯಲ್ಲಿ ಈ ಎರಡರ ದರ ಸಮನಾಗುತ್ತದೆ ಎಂಬುದನ್ನು ಪ್ರತಿಯೊಬ್ಬ ಮುದ್ರಕರೂ ತಮ್ಮ ಅಂಗಡಿಯ ಅಂಕಿಗಳನ್ನಿಟ್ಟು ಒಮ್ಮೆ ಕುಳಿತು ಲೆಕ್ಕ ಹಾಕಿ ಗೋಡೆಗೆ ಅಂಟಿಸಿಕೊಂಡರೆ ಸಾಕು. ಹಾಗೆ ಮಾಡಿದವರನ್ನು ನಾನು ಇದುವರೆಗೆ ಕಂಡಿಲ್ಲ. ಪ್ರಸಿದ್ಧ ಲಾಂಛನಗಳಿಗೆ ಹಕ್ಕುದಾರರಿರುತ್ತಾರೆ ಎಂಬುದನ್ನೂ ಮರೆಯಲಾಗದು. ಅನುಮತಿಯ ಹೊಣೆ ಆರ್ಡರು ಕೊಟ್ಟವರದೆಂದು ಬರೆಸಿಕೊಳ್ಳುವುದು ಕ್ಷೇಮ.

ಬಟ್ಟೆಯ ಆಯ್ಕೆಯಲ್ಲಿ ನನಗೆ ಪರಿಣತಿಯಿಲ್ಲ. ವೃತ್ತಿಯವರಿಂದ ಕೇಳಿ ತಿಳಿದಷ್ಟನ್ನು ಮಾತ್ರ ಹೇಳುತ್ತೇನೆ. ಅಗ್ಗದ ಪಾಲಿಯೆಸ್ಟರ್ ಅಂಗಿಗೆ ಸಬ್ಲಿಮೇಷನ್ ಮುದ್ರಣ ಚೆನ್ನಾಗಿ ಹಿಡಿಯುತ್ತದೆ, ಹತ್ತಿಗೆ ಹಿಡಿಯುವುದಿಲ್ಲ; ಅದೂ ತಿಳಿಬಣ್ಣದ ಅಂಗಿಗಷ್ಟೇ. ಮಳೆಗಾಲದಲ್ಲಿ ನಮ್ಮ ಭಾಗಮಂಡಲ, ಕರಿಕೆ ಕಡೆಯ ತೇವದಲ್ಲಿ ನೀರಿನ ಆಧಾರದ ಶಾಯಿ ಒಣಗುವುದಕ್ಕೆ ಹಿಡಿಯುವ ಸಮಯ ಬೇರೆ, ತಿರುಪ್ಪೂರಿನಲ್ಲಿ ಹಿಡಿಯುವ ಸಮಯ ಬೇರೆ. ಜುಲೈ ಹಬ್ಬದ ಆರ್ಡರನ್ನು ಡಿಸೆಂಬರಿನ ಗಡುವಿನಲ್ಲಿ ಒಪ್ಪಿಕೊಂಡು, ಸರಿಯಾಗಿ ಒಣಗದ ಅಂಗಿಗಳನ್ನು ಮಡಿಸಿ ಕಟ್ಟಿ, ಅಕ್ಷರಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಹಾಳಾದ ಪ್ರಸಂಗವೊಂದನ್ನು ಬಲ್ಲೆ. ನೂರರಲ್ಲಿ ಎರಡೋ ಮೂರೋ ಕೆಡುವುದನ್ನು ಅಸಲಿನಲ್ಲಿಯೇ ಸೇರಿಸಿಕೊಳ್ಳಬೇಕು. ಮೂವತ್ತು ಕೆಟ್ಟರೆ ಅದು ಕಾಲದ ದೋಷವಲ್ಲ, ಒಪ್ಪಿಕೊಂಡ ಗಡುವಿನ ದೋಷ.

ಈಗ ತೆರಿಗೆ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ ನಗವೊಂದಕ್ಕೆ 1,000 ರೂಪಾಯಿವರೆಗಿನ ಉಡುಪುಗಳಿಗೆ ಶೇ. 5, ಅದಕ್ಕೆ ಮೇಲ್ಪಟ್ಟವಕ್ಕೆ ಶೇ. 12 ಎಂದಿತ್ತು. 2025ರ ಸೆಪ್ಟೆಂಬರ್ 22ರಿಂದ ಶೇ. 5ರ ಮಿತಿ 2,500 ರೂಪಾಯಿಗೆ ಏರಿದೆ, ಅದರಾಚೆಗೆ ಶೇ. 18. ನಮ್ಮ ಟೀ ಶರ್ಟ್‌ಗಳು ಎರಡೂ ಕಾಲದಲ್ಲಿ ಶೇ. 5ರ ಒಳಗೇ ಇದ್ದುದರಿಂದ ಬದಲಾವಣೆಯ ಬಿಸಿ ತಟ್ಟಲಿಲ್ಲ. ತಟ್ಟುವುದು ಬೇರೆಡೆ. ಸಮಿತಿಗಳು ಹಣ ಉಳಿಸಲೆಂದು ಖಾಲಿ ಅಂಗಿಗಳನ್ನು ತಾವೇ ಸಗಟಾಗಿ ತರಿಸಿ, ಮುದ್ರಣವನ್ನಷ್ಟೇ ಇಲ್ಲಿ ಮಾಡಿಸುವ ಪದ್ಧತಿ ಹೆಚ್ಚುತ್ತಿದೆ. ಜವಳಿಯ ಜಾಬ್‌ವರ್ಕ್‌ಗೆ ಶೇ. 5 ದರವಿದೆ ಎಂದು ನಮ್ಮ ಮುದ್ರಕರು ಅದಕ್ಕೂ ಶೇ. 5ನ್ನೇ ಹಾಕುತ್ತಾರೆ. ಆದರೆ ಕಾಯ್ದೆಯ ವ್ಯಾಖ್ಯೆಯ ಪ್ರಕಾರ ಜಾಬ್‌ವರ್ಕ್ ಎಂದರೆ ಮತ್ತೊಬ್ಬ ನೋಂದಾಯಿತ ವ್ಯಕ್ತಿಗೆ ಸೇರಿದ ಸರಕಿನ ಮೇಲೆ ಮಾಡುವ ಕೆಲಸ. ಧರ್ಮಕೇಂದ್ರಗಳು ಸಾಮಾನ್ಯವಾಗಿ ಜಿಎಸ್‌ಟಿಯಲ್ಲಿ ನೋಂದಣಿಯಾಗಿರುವುದಿಲ್ಲ. ನೋಂದಣಿಯಿಲ್ಲದವರ ಸರಕಿನ ಮೇಲೆ ಮಾಡುವ ಇಂತಹ ಕೆಲಸಕ್ಕೆ ಶೇ. 18 ಬೀಳುತ್ತದೆ. ಲೆಕ್ಕ ನೋಡಿ: 150 ರೂಪಾಯಿಯ ಅಂಗಿಗೆ ಶೇ. 5 ಸೇರಿ 157.50, 60 ರೂಪಾಯಿಯ ಮುದ್ರಣಕ್ಕೆ ಶೇ. 18 ಸೇರಿ 70.80, ಒಟ್ಟು 228.30. ಅದೇ ಮುದ್ರಕರು ಮುದ್ರಿತ ಅಂಗಿಯನ್ನೇ 210 ರೂಪಾಯಿಗೆ ಮಾರಿದರೆ ಶೇ. 5 ಸೇರಿ 220.50. ಅಂಗಿಯೊಂದಕ್ಕೆ 7.80 ರೂಪಾಯಿ ಉಳಿತಾಯ ಗ್ರಾಹಕರಿಗೆ. ಜೊತೆಗೆ ಕೆಟ್ಟ ಅಂಗಿ ಯಾರ ತಲೆಗೆ ಎಂಬ ಜಗಳವೂ ಇಲ್ಲ. ಈ ಮಾತನ್ನು ಮುಂಚಿತವಾಗಿ ಗ್ರಾಹಕರಿಗೆ ತಿಳಿಸಿ ಹೇಳಬಲ್ಲ ವ್ಯಾಪಾರಿಗೆ ಅಂಗಿಯ ಲಾಭವೂ ದಕ್ಕುತ್ತದೆ, ಮುದ್ರಣದ ಲಾಭವೂ ದಕ್ಕುತ್ತದೆ.

ಇದಕ್ಕೆ ತಗುಲಿಕೊಂಡೇ ಇನ್ನೊಂದು ಸೂಕ್ಷ್ಮವಿದೆ. 2019ರ ಏಪ್ರಿಲ್‌ನಿಂದ ಸರಕು ಮಾರುವವರಿಗೆ ನೋಂದಣಿಯ ವಾರ್ಷಿಕ ವಹಿವಾಟಿನ ಮಿತಿ 40 ಲಕ್ಷ ರೂಪಾಯಿ ಎಂದು ಎಲ್ಲರ ಬಾಯಲ್ಲೂ ಇದೆ. ಆ ಮಿತಿ ಸರಕನ್ನು ಮಾತ್ರ ಮಾರುವವರಿಗೆ. ಗ್ರಾಹಕರು ತಂದ ಅಂಗಿಗೆ ಮುದ್ರಿಸಿಕೊಡುವುದು ಸೇವೆ. ಅದನ್ನೂ ಮಾಡುವವರಿಗೆ ಮಿತಿ 20 ಲಕ್ಷಕ್ಕೆ ಇಳಿಯುತ್ತದೆ. ವಹಿವಾಟು ಮೂವತ್ತು ಲಕ್ಷವಿದೆ, ಇನ್ನೂ ಹತ್ತು ಲಕ್ಷ ಬಾಕಿಯಿದೆ ಎಂದು ನಿಶ್ಚಿಂತರಾಗಿರುವ ಮುದ್ರಕರು ತಮ್ಮ ಬಿಲ್ಲು ಪುಸ್ತಕವನ್ನು ಇಂದೇ ತಿರುವಿ ನೋಡುವುದು ಒಳಿತು.

ರಿಯಾಯಿತಿ ಮತ್ತು ದಾನ ಎಂಬ ಎರಡನ್ನು ಬೆರೆಸುವ ಅಭ್ಯಾಸದ ಬಗೆಗೂ ನನ್ನ ತಕರಾರಿದೆ. "ದೇವರ ಕೆಲಸ, ಸ್ವಲ್ಪ ನೋಡಿಕೊಂಡು ಹಾಕಿ" ಎಂದು ಸಮಿತಿಯವರು ಕೇಳುವುದು, ಇವನು ಅಸಲಿಗೂ ಕಡಿಮೆಗೆ ಒಪ್ಪುವುದು, ಒಪ್ಪಿದ ಮೇಲೆ ಬಟ್ಟೆಯ ತೂಕದಲ್ಲಿ ಅದನ್ನು ಸರಿದೂಗಿಸುವುದು. 180 ಜಿಎಸ್‌ಎಂ ಎಂದು ಹೇಳಿ 140ರ ಬಟ್ಟೆ ಕೊಟ್ಟರೆ ದಾನ ಕೊಟ್ಟವನು ಯಾರು? ಹಬ್ಬದ ಮರುವಾರವೇ ಅಂಗಿ ಜಾಲರಿಯಂತಾದಾಗ ಹಾಳಾಗುವುದು ಅಂಗಡಿಯ ಹೆಸರು. ರಿಯಾಯಿತಿ ಕೊಡುವುದಾದರೆ ಬಿಲ್ಲಿನಲ್ಲಿಯೇ ಕಾಣಿಸಿ ಕೊಡಿ. ಬಿಲ್ಲಿನಲ್ಲಿ ತೋರಿಸಿದ ರಿಯಾಯಿತಿ ತೆರಿಗೆಯ ಮೌಲ್ಯದಿಂದ ಕಳೆದುಹೋಗುತ್ತದೆ. ದಾನ ಕೊಡುವುದಾದರೆ ಪೂರ್ಣ ಬಿಲ್ಲಿನ ಹಣ ಪಡೆದು ಪ್ರತ್ಯೇಕವಾಗಿ ಕೊಟ್ಟು ರಸೀದಿ ಪಡೆಯಿರಿ. ಧಾರ್ಮಿಕ ಸಂಸ್ಥೆಗಳಲ್ಲಿ ಹಲವಕ್ಕೆ 80ಜಿ ಮಾನ್ಯತೆ ಇರುವುದಿಲ್ಲವಾದ್ದರಿಂದ ಆ ರಸೀದಿಯಿಂದ ಆದಾಯ ತೆರಿಗೆ ಉಳಿಯುತ್ತದೆಂದು ಎಣಿಸಬಾರದು. ಗುರುಗಳಿಗೂ ಸಿಸ್ಟರ್‌ಗಳಿಗೂ ಎಂದು ಹತ್ತು ಅಂಗಿಗಳನ್ನು ಉಡುಗೊರೆಯಾಗಿ ಕೊಟ್ಟು ಬಿಲ್ಲಿನಿಂದ ಹೊರಗಿಟ್ಟರೆ ಆ ಅಂಗಿಗಳ ಮೇಲೆ ಪಡೆದ ಹೂಡುವಳಿ ತೆರಿಗೆ ಜಮೆಯನ್ನು ಹಿಂದಿರುಗಿಸಬೇಕಾಗುತ್ತದೆ. ಬದಲಿಗೆ ನೂರ ಹತ್ತು ಅಂಗಿಗಳಿಗೆ ಒಟ್ಟು ಬೆಲೆ ಇಷ್ಟು ಎಂದು ಒಂದೇ ಬಿಲ್ಲು ಮಾಡಿದರೆ ಆ ತೊಡಕಿಲ್ಲ. ಮನಸ್ಸು ಒಂದೇ, ಕಾಗದ ಬೇರೆ.

ಮೊದಲೇ ಹೇಳಿದ ಗಡಿಯ ವಿಚಾರಕ್ಕೆ ಈಗ ಬರುತ್ತೇನೆ. ಈ ಲೇಖನ ಬರೆಯಲು ಕಾರಣವಾದುದೂ ಅದೇ.

ನನ್ನ ಕಕ್ಷಿದಾರರೊಬ್ಬರು ಘಟ್ಟದ ಈ ಕಡೆ, ಗಡಿಗೆ ಹತ್ತಿರದಲ್ಲಿ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ ಇಟ್ಟಿದ್ದಾರೆ. ವಹಿವಾಟು ಚಿಕ್ಕದು, ನೋಂದಣಿ ಇರಲಿಲ್ಲ. 2023ರ ಡಿಸೆಂಬರಿನಲ್ಲಿ ಪಾಣತ್ತೂರು ಕಡೆಯ ಒಂದು ಕ್ಯಾರಲ್ ತಂಡದವರು ಅರವತ್ತು ಅಂಗಿಗಳಿಗೆ ಆರ್ಡರು ಕೊಟ್ಟರು. ಇವರು ಮುದ್ರಿಸಿ, ತಮ್ಮ ಜೀಪಿನಲ್ಲೇ ಗಡಿ ದಾಟಿ ತಲುಪಿಸಿ, ತಂಡದ ಹೆಸರು, ಊರು, ಕೇರಳ ಎಂದು ಸ್ವಚ್ಛವಾಗಿ ಬರೆದು 13,200 ರೂಪಾಯಿಯ ಬಿಲ್ಲು ಕೊಟ್ಟು ಬಂದರು. ವರ್ಷಾಂತ್ಯದ ಲೆಕ್ಕಕ್ಕೆ ಬಿಲ್ಲು ಪುಸ್ತಕ ನನ್ನ ಮೇಜಿಗೆ ಬಂದಾಗ ಆ ಒಂದು ಹಾಳೆಯ ಮೇಲೆ ನನ್ನ ಕಣ್ಣು ನಿಂತಿತು. ಹೊರರಾಜ್ಯಕ್ಕೆ ತೆರಿಗೆಗೆ ಒಳಪಡುವ ಸರಕು ಪೂರೈಸುವವರಿಗೆ ವಹಿವಾಟು ಎಷ್ಟೇ ಕಡಿಮೆಯಿರಲಿ ನೋಂದಣಿ ಕಡ್ಡಾಯ. ಕೇಂದ್ರ ಜಿಎಸ್‌ಟಿ ಕಾಯ್ದೆಯ 24ನೆಯ ಕಲಂ ಹಾಗೆಯೇ ಹೇಳುತ್ತದೆ. ನಲವತ್ತು ಲಕ್ಷವೂ ಇಲ್ಲ, ಇಪ್ಪತ್ತು ಲಕ್ಷವೂ ಇಲ್ಲ, ಮೊದಲನೆಯ ಅಂಗಿಯಿಂದಲೇ. ನೋಂದಣಿ ತಪ್ಪಿಸಿದ್ದಕ್ಕೆ ದಂಡ ಕನಿಷ್ಠ ಹತ್ತು ಸಾವಿರ ರೂಪಾಯಿ. "ಅವರು ನಮ್ಮ ಹೆಂಡತಿಯ ಅಣ್ಣನ ಊರಿನವರು ಸಾರ್, ಹೊರರಾಜ್ಯ ಹೇಗಾಗುತ್ತದೆ?" ಎಂದು ಅವರು ಕೇಳಿದ ಪ್ರಶ್ನೆಗೆ ನನ್ನಲ್ಲಿ ಕಾನೂನಿನ ಉತ್ತರವಿತ್ತು, ಬೇರೆ ಉತ್ತರವಿರಲಿಲ್ಲ.

ನಾವೇ ಮುಂದಾಗಿ ನೋಂದಣಿ ಮಾಡಿಸಿ, ಶೇ. 5ರಂತೆ 660 ರೂಪಾಯಿ ತೆರಿಗೆಯನ್ನು ಬಡ್ಡಿಯೊಡನೆ ಅವರ ಕೈಯಿಂದಲೇ ಕಟ್ಟಿಸಿದೆ. ಆಮೇಲೆ ಪ್ರತಿ ಅವಧಿಯ ವಿವರಪತ್ರಗಳು, ಅದಕ್ಕೊಂದು ಖರ್ಚು. ನನ್ನ ಶುಲ್ಕವೇ ಆ ತೆರಿಗೆಗಿಂತ ಹೆಚ್ಚಾಯಿತೆಂದು ಹೇಳಲು ಸಂಕೋಚವಾಗುತ್ತದೆ. ಆ ವರ್ಷ ಅರ್ಧವನ್ನೇ ತೆಗೆದುಕೊಂಡೆ. ಆದರೂ ಅವರು ನೋಂದಣಿಯನ್ನು ಬಿಡಲಿಲ್ಲ. ಈಗ ಗಡಿಯಾಚೆಯ ಆರ್ಡರುಗಳನ್ನು ಧೈರ್ಯವಾಗಿ ಬರೆದುಕೊಳ್ಳುತ್ತಾರೆ, ಖಾಲಿ ಅಂಗಿಗಳ ಮೇಲೆ ಕೊಟ್ಟ ತೆರಿಗೆ ಜಮೆಯೂ ದೊರೆಯುತ್ತಿದೆ. ಲೆಕ್ಕದಲ್ಲಿ ಅವರು ಗೆದ್ದರೋ ಸೋತರೋ ಎಂಬುದನ್ನು ಇನ್ನೆರಡು ವರ್ಷದ ಪುಸ್ತಕ ನೋಡದೆ ಹೇಳಲಾರೆ.

ಇಲ್ಲಿ ಒಂದೆರಡು ವಿಚಿತ್ರಗಳನ್ನು ಓದುಗರು ಗಮನಿಸಬೇಕು. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ, ನೋಂದಣಿಯಿಲ್ಲದ ಗ್ರಾಹಕರಿಗೆ ಸರಕು ಮಾರಿದಾಗ ಬಿಲ್ಲಿನಲ್ಲಿ ಬರೆದ ವಿಳಾಸವೇ ಪೂರೈಕೆಯ ಸ್ಥಳ; ರಾಜ್ಯದ ಹೆಸರೊಂದನ್ನು ಬರೆದರೂ ವಿಳಾಸ ಬರೆದಂತೆ. ವಿಳಾಸ ಬರೆಯದಿದ್ದರೆ ಮಾರುವವರ ಸ್ಥಳವೇ ಪೂರೈಕೆಯ ಸ್ಥಳ. ಅಂದಮೇಲೆ ಅಚ್ಚುಕಟ್ಟಾಗಿ ಬಿಲ್ಲು ಬರೆದವನಿಗೆ ತೊಡಕು, ಚೀಟಿ ಹರಿದು ಕೊಟ್ಟವನಿಗೆ ನಿರಾಳ. ಅಂಗಡಿಗೆ ಬಂದು ಕೊಂಡು ಹೋಗುವ ಚಿಲ್ಲರೆ ಗ್ರಾಹಕರ ವಿಳಾಸವನ್ನು ಕೇಳಬೇಕಾಗಿಲ್ಲ, ಅದು ಸರಿಯೇ. ಜೀಪಿನಲ್ಲಿ ಗಡಿ ದಾಟಿಸಿ ಕೊಟ್ಟ ಸರಕಿಗೆ ವಿಳಾಸ ಬರೆಯಬೇಡಿ ಎಂದು ಸಲಹೆ ಕೊಡುವುದು ಮಾತ್ರ ನನ್ನ ವೃತ್ತಿಗೆ ಒಪ್ಪುವುದಲ್ಲ. ಇನ್ನೊಂದು ವಿಚಿತ್ರ: ಅದೇ ಪಾಣತ್ತೂರಿನವರು ಅಂಗಿಗಳನ್ನು ತಾವೇ ತಂದು, ನಮ್ಮ ಮುದ್ರಕರು ಮುದ್ರಣವನ್ನಷ್ಟೇ ಮಾಡಿಕೊಟ್ಟರೆ ಅದು ಸೇವೆ. 2017ರ ಅಕ್ಟೋಬರಿನಿಂದ ಹೊರರಾಜ್ಯದ ಸೇವೆಗೆ 20 ಲಕ್ಷದವರೆಗೆ ನೋಂದಣಿ ಬೇಕಿಲ್ಲ. ಶಾಯಿ ಒಂದೇ, ಅಂಗಿ ಒಂದೇ, ದಾರಿ ಒಂದೇ. ಅಂಗಿ ಯಾರದೆಂಬುದರ ಮೇಲೆ ಒಬ್ಬನು ಕಾನೂನುಬದ್ಧನಾಗಿಯೂ ಇನ್ನೊಬ್ಬನು ತಪ್ಪಿತಸ್ಥನಾಗಿಯೂ ನಿಲ್ಲುತ್ತಾನೆ.

ರಾಜಿ ತೆರಿಗೆ ಪದ್ಧತಿಗೆ ಒಳಪಟ್ಟವರ ಸ್ಥಿತಿ ಇನ್ನೂ ಕಠಿಣ. ವಹಿವಾಟಿನ ಮೇಲೆ ಶೇ. 1 ಕಟ್ಟಿ ಸುಮ್ಮನಿರುವ ಸೌಲಭ್ಯ ಅವರದು. ಆದರೆ ಹೊರರಾಜ್ಯಕ್ಕೆ ಒಂದು ಅಂಗಿ ಮಾರಿದರೂ ಆ ಪದ್ಧತಿಯ ಅರ್ಹತೆಯೇ ಹೋಗುತ್ತದೆ. ಮಡಿಕೇರಿಯ ನೋಂದಾಯಿತ ವ್ಯಾಪಾರಿ ಕಸೂತಿಗೆಂದು ಕಾಞಂಗಾಡಿನ ಜಾಬ್‌ವರ್ಕ್‌ನವರಿಗೆ ಅಂಗಿಗಳ ಗಂಟನ್ನು ಕಳುಹಿಸುವಾಗ 50,000 ರೂಪಾಯಿಗೆ ಕಡಿಮೆ ಮೌಲ್ಯದ್ದಾದರೂ ಇ-ವೇ ಬಿಲ್ ಬೇಕು ಎಂಬುದನ್ನೂ ಬಸ್ಸಿನ ಮೇಲೆ ಗಂಟು ಹಾಕಿ ಕಳುಹಿಸುವವರಲ್ಲಿ ಎಷ್ಟು ಮಂದಿ ಬಲ್ಲರೋ.

ಮಾರಾಟ ತೆರಿಗೆಯ ಕಾಲದಲ್ಲಿ ಗಡಿಯಲ್ಲಿ ತಪಾಸಣಾ ಠಾಣೆಗಳಿದ್ದವು. ಜಿಎಸ್‌ಟಿ ಬಂದಾಗ ಅವುಗಳನ್ನು ತೆಗೆದು ದೇಶವೆಲ್ಲ ಒಂದು ಮಾರುಕಟ್ಟೆ ಎಂದರು. ಠಾಣೆ ಹೋಯಿತು, ನಿಜ. ಬೆಂಗಳೂರಿನ ದೊಡ್ಡ ಕಂಪನಿಗೆ ದೇಶ ಒಂದು ಮಾರುಕಟ್ಟೆಯಾಗಿದೆ, ಅದೂ ನಿಜ. ಕರಿಕೆಯ ಅಂಗಡಿಯವನಿಗೆ ಪಕ್ಕದ ಪಾಣತ್ತೂರು ದೂರದ ಬೀದರಿಗಿಂತ ದೂರವಾಗಿ ಉಳಿದಿದೆ. ಕರಕುಶಲ ವಸ್ತುಗಳಿಗೆ ಹೊರರಾಜ್ಯ ಮಾರಾಟದಲ್ಲಿ ಕಡ್ಡಾಯ ನೋಂದಣಿಯಿಂದ ವಿನಾಯಿತಿ ಕೊಟ್ಟಾಗಿದೆ, ಸೇವೆಗೆ ಕೊಟ್ಟಾಗಿದೆ. 2023ರ ಅಕ್ಟೋಬರಿನಿಂದ ನೋಂದಣಿಯಿಲ್ಲದ ಸಣ್ಣ ವ್ಯಾಪಾರಿಗಳೂ ಇ-ಕಾಮರ್ಸ್ ಮೂಲಕ ಮಾರಬಹುದೆಂದು ಅವಕಾಶ ಮಾಡಿದರು, ಆದರೆ ಅದೂ ತಮ್ಮ ರಾಜ್ಯದೊಳಗೆ ಮಾತ್ರ. ಗಡಿ ಗ್ರಾಮಗಳ ಸಣ್ಣ ವ್ಯಾಪಾರಿಗಳಿಗೆ ವಾರ್ಷಿಕ ಹೊರರಾಜ್ಯ ಮಾರಾಟ ಇಂತಿಷ್ಟು ಲಕ್ಷದವರೆಗೆ ಎಂದು ಒಂದು ವಿನಾಯಿತಿಯನ್ನು ಜಿಎಸ್‌ಟಿ ಮಂಡಳಿಯ ಮುಂದಿಡುವಂತೆ ರಾಜ್ಯ ಸರಕಾರಕ್ಕೆ ನಮ್ಮ ಸಂಸ್ಥೆ ಮನವಿ ಸಲ್ಲಿಸಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ದುರುಪಯೋಗವಾಗುತ್ತದೆ ಎಂಬ ಆಕ್ಷೇಪ ಬರುವುದು ಖಚಿತ. ಮಿತಿಯನ್ನು ಚಿಕ್ಕದಾಗಿಟ್ಟು, ವರ್ಷಕ್ಕೊಂದು ಸರಳ ಘೋಷಣೆಯನ್ನು ಪಡೆದರೆ ಆ ಆಕ್ಷೇಪಕ್ಕೆ ಉತ್ತರ ಸಿಗುತ್ತದೆ. ಕಾಸರಗೋಡು ಜಿಲ್ಲೆಯ ವರ್ತಕ ಬಾಂಧವರಿಗೂ ನಮ್ಮ ಕಡೆ ಮಾರುವಾಗ ಇದೇ ತೊಡಕು. ಅವರನ್ನೂ ಜೊತೆಗೂಡಿಸಿಕೊಂಡರೆ ಎರಡು ಸರಕಾರಗಳ ಬಾಯಿಂದ ಒಂದೇ ಮಾತು ಹೊರಡಿಸಬಹುದು.

ಹಣ ವಸೂಲಿಯ ಬಗ್ಗೆ ಕೊಂಚ ಹೇಳಿ ಮುಗಿಸುತ್ತೇನೆ. ಧರ್ಮಕೇಂದ್ರಗಳು ಹಣ ಮುಳುಗಿಸುವುದಿಲ್ಲ, ತಡ ಮಾಡುತ್ತವೆ. ಆರ್ಡರು ಕೊಟ್ಟವರು ಯುವಕ ಸಂಘದ ಕಾರ್ಯದರ್ಶಿ, ಹಣ ಇರುವುದು ಪಾಲನಾ ಮಂಡಳಿಯ ಖಾತೆಯಲ್ಲಿ, ಮಧ್ಯೆ ಗುರುಗಳಿಗೆ ವರ್ಗಾವಣೆಯಾಗಿ ಹೊಸಬರು ಬಂದಿರುತ್ತಾರೆ. ಉದ್ಯಮ್ ನೋಂದಣಿಯಿರುವ ಸೂಕ್ಷ್ಮ, ಸಣ್ಣ ಉತ್ಪಾದಕರಿಗೆ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯಡಿ 45 ದಿನಗಳ ಮೇಲೆ ಬಾಕಿ ಉಳಿಸಿದ ಖರೀದಿದಾರರಿಂದ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ ಕೇಳುವ ಹಕ್ಕಿದೆ. ತನ್ನ ಮಗಳ ಮದುವೆಯಾದ ಚರ್ಚ್‌ನ ಮೇಲೆ ಆ ಹಕ್ಕನ್ನು ಯಾರು ಚಲಾಯಿಸುತ್ತಾರೆ? 2023ರ ಹಣಕಾಸು ಕಾಯ್ದೆ ತಂದ, ಸಕಾಲದಲ್ಲಿ ಪಾವತಿಸದಿದ್ದರೆ ಖರ್ಚೆಂದು ಒಪ್ಪದ ನಿಯಮ ವ್ಯಾಪಾರ ಮಾಡುವ ಖರೀದಿದಾರರಿಗೆ ಬಿಸಿ ಮುಟ್ಟಿಸಿತು. ವ್ಯಾಪಾರವೇ ಮಾಡದ ಧರ್ಮಕೇಂದ್ರಕ್ಕೆ ಅದು ತಟ್ಟುವುದಿಲ್ಲ. ಆದಕಾರಣ ಉಳಿಯುವ ಉಪಾಯ ಅರ್ಧ ಮುಂಗಡ, ಮತ್ತು ಆರ್ಡರಿನ ಮೇಲೆ ಹಣ ಕೊಡಬಲ್ಲವರ ಸಹಿ. ನಗದಿಗಿಂತ ಚೆಕ್ಕು ಅಥವಾ ಬ್ಯಾಂಕ್ ವರ್ಗಾವಣೆ ಕೇಳಿದರೆ ಅವರಿಗೂ ಉಪಕಾರವೇ: ತೆರಿಗೆ ವಿನಾಯಿತಿಗೆ ನೋಂದಾಯಿತವಾದ ದತ್ತಿ ಸಂಸ್ಥೆಗಳು ಒಬ್ಬರಿಗೆ ಒಂದು ದಿನದಲ್ಲಿ 10,000 ರೂಪಾಯಿ ಮೀರಿ ನಗದಾಗಿ ಕೊಟ್ಟದ್ದು ವಿನಿಯೋಗವೆಂದು ಒಪ್ಪಿತವಾಗದು.

ಅಳತೆವಾರು ಪಟ್ಟಿ, ಬಟ್ಟೆಯ ತೂಕ, ಬಣ್ಣಗಳ ಸಂಖ್ಯೆ, ಮಾದರಿ ಅಂಗಿಗೆ ಒಪ್ಪಿಗೆಯ ದಿನಾಂಕ, ನಂತರದ ಹೆಚ್ಚುವರಿ ಅಂಗಿಗಳ ದರ, ಪೂರೈಕೆಯ ಸ್ಥಳ ಮತ್ತು ರಾಜ್ಯ, ಮುಂಗಡ, ಸಹಿ. ಇಷ್ಟನ್ನು ಒಂದೇ ಪುಟದಲ್ಲಿ ಅಳವಡಿಸಿದ ಆರ್ಡರು ನಮೂನೆಯೊಂದನ್ನು ಕನ್ನಡ ಮತ್ತು ಮಲಯಾಳ ಎರಡರಲ್ಲಿಯೂ ಸಿದ್ಧಪಡಿಸಿ ನಮ್ಮ ಸಂಸ್ಥೆಯ ಕಾರ್ಯದರ್ಶಿಯವರಿಗೆ ಒಪ್ಪಿಸಿದ್ದೇನೆ. ಮಲಯಾಳದ ಭಾಗವನ್ನು ಕರಿಕೆಯ ಸ್ನೇಹಿತರೊಬ್ಬರು ತಿದ್ದಿಕೊಟ್ಟಿದ್ದಾರೆ. ಮುದ್ರಣ ವೃತ್ತಿಯಲ್ಲಿರುವ ಸದಸ್ಯರು ಕಚೇರಿಯಲ್ಲಿ ಅದನ್ನು ನೋಡಿ ತಮ್ಮ ತಿದ್ದುಪಡಿಗಳನ್ನು ಮುಂದಿನ ಸಂಚಿಕೆಗೆ ಮೊದಲು ತಿಳಿಸಿದರೆ, ಮನವಿಪತ್ರದ ಕರಡನ್ನೂ ಅದರ ಜೊತೆಯಲ್ಲಿಯೇ ಕಾರ್ಯಕಾರಿ ಸಮಿತಿಯ ಮುಂದಿಡಲು ಅನುಕೂಲವಾಗುತ್ತದೆ.